ಸರ್ಕಾರಿ ಕಾಮಗಾರಿಗಳ ಇಂಗಾಲದ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ 2022-23ರಿಂದ ಷೇರುಪೇಟೆಯ ಅಗ್ರ 1000 ಕಂಪನಿಗಳು ತಮ್ಮ ಇಂಗಾಲ ಹೊರಸೂಸುವಿಕೆಯ ವಿವರ ಪ್ರಕಟಿಸಬೇಕು. ನಮ್ಮದೇ ತೆರಿಗೆ ಹಣದಲ್ಲಿ ಏಳುವ ಮೇಲ್ಸೇತುವೆ, ಹೆದ್ದಾರಿಗಳ ಲೆಕ್ಕವನ್ನು ನಾಗರಿಕರು ಎಲ್ಲಿ ಕೇಳಬೇಕು?

ಉತ್ತರ 1: ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧ್ಯಯನ (ಇಐಎ) ಅಧಿಸೂಚನೆಯಡಿ ಪರಿಸರ ಅನುಮತಿ ಬೇಕಾದ ಯೋಜನೆಗಳ ದಾಖಲೆಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ರೈಲು ಮಾರ್ಗಗಳು ಆ ಪಟ್ಟಿಯಲ್ಲೇ ಇಲ್ಲದಿರುವುದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ.

ಉತ್ತರ 2: 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನಷ್ಟೇ ಕೇಳಬಹುದು, ಹೊಸದಾಗಿ ಲೆಕ್ಕ ಹಾಕಿ ಕೊಡಿ ಎನ್ನಲಾಗದು. ಆದ್ದರಿಂದ ‘ಇಂಗಾಲ ಎಷ್ಟು’ ಎಂದು ಕೇಳುವ ಬದಲು, ಅಂದಾಜುಪಟ್ಟಿ ಮತ್ತು ಅಳತೆ ಪುಸ್ತಕದಲ್ಲಿ (ನಡೆದ ಕೆಲಸದ ಅಳತೆ ಬರೆದಿಡುವ ಪುಸ್ತಕ) ದಾಖಲಾದ ಸಿಮೆಂಟು, ಉಕ್ಕು, ಡಾಂಬರುಗಳ ಪ್ರಮಾಣವನ್ನು ಕೇಳಿರಿ. ಪ್ರತಿ ಟನ್ ವಸ್ತುವಿಗೆ ಎಷ್ಟು ಇಂಗಾಲ ಎಂಬ ಅಂಕಿಯಿಂದ ಆ ಪ್ರಮಾಣವನ್ನು ಗುಣಿಸುವ ಕೆಲಸವನ್ನು ನಾವೇ ಮಾಡಬಹುದು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಮ್ಮೂರ ಸೇತುವೆಯಿಂದಲೇ ಆರಂಭಿಸುತ್ತೇನೆ.