ಸ್ಪರ್ಧೆ ಮುಗಿದ ಮೇಲೆ ಜಾಕೆಟ್ ಜೇಬಿನಲ್ಲಿ ಸಿಕ್ಕ ತೋಟಾ: ಲೆಕ್ಕ ಎಲ್ಲಿ ತಪ್ಪಿತು?

ದೂರಗುರಿ:
ಎಲ್ಲರಿಗೂ ನಮಸ್ಕಾರ. ನಿನ್ನೆ 600 ಗಜ ದೂರದ ಟಾರ್ಗೆಟ್ ರೈಫಲ್ ಸ್ಪರ್ಧೆಯಲ್ಲಿ ಭಾಗವಹಿಸಿದ್ದೆ. ಎರಡು ಸೈಟರ್ (ಗುರಿ ಸರಿಪಡಿಸಿಕೊಳ್ಳಲು ಮೊದಲು ಹೊಡೆಯುವ ಪರೀಕ್ಷಾ ಹೊಡೆತ) ಹಾಗೂ ಅಂಕಕ್ಕೆ ಸೇರುವ ಹತ್ತು ಹೊಡೆತಗಳಿಗೆಂದು ಸಂಘಟಕರು ಪ್ರತಿಯೊಬ್ಬರಿಗೂ 12 ತೋಟಾ ಎಣಿಸಿ ಕೊಟ್ಟಿದ್ದರು. ನನ್ನ ಎರಡನೆಯ ಸೈಟರ್ ನಡುವೃತ್ತಕ್ಕೆ ಬಿದ್ದುದರಿಂದ ಅದನ್ನು ಅಂಕಕ್ಕೆ ಸೇರಿಸಿಕೊಂಡೆ. ಐದನೆಯ ಹೊಡೆತದ ನಂತರ ಗುಂಡು ಹಾರಿಸುವುದನ್ನು ನಿಲ್ಲಿಸಲು ಆದೇಶ ಬಂತು. ಚೇಂಬರಿನಲ್ಲಿದ್ದ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ತೋಟಾವನ್ನು ಹೊರತೆಗೆದು, ಚೇಂಬರನ್ನು ಮುಚ್ಚುವ ಬೋಲ್ಟನ್ನು ತೆರೆದಿಟ್ಟೆ. ಶೂಟಿಂಗ್ ಮತ್ತೆ ಆರಂಭವಾದಾಗ ಮರದ ಹಲಗೆಯ ರಂಧ್ರಗಳಲ್ಲಿ ನಿಲ್ಲಿಸಿದ್ದ ತೋಟಾಗಳಿಂದಲೇ ಮುಂದುವರಿಸಿದೆ. ಕೊನೆಗೆ ಹಲಗೆ ಖಾಲಿಯಾಗಿತ್ತು, ಆದ್ದರಿಂದ ಏನೂ ಉಳಿದಿಲ್ಲ ಎಂದು ಮನಃಪೂರ್ವಕವಾಗಿಯೇ ತಿಳಿಸಿದೆ. ರಾತ್ರಿ ಜಾಕೆಟ್ ಮಡಚುವಾಗ ಜೇಬಿನಲ್ಲಿ ಒಂದು ಸಜೀವ ತೋಟಾ ಸಿಕ್ಕಿದೆ. ಹಲಗೆ ಖಾಲಿಯಾಗಿದ್ದರೂ ಇದು ಹೇಗೆ ಉಳಿಯಿತು? ಈಗ ನಾನು ಏನು ಮಾಡಬೇಕು?

ಹಳೆಯ ರೇಂಜ್ ಅಧಿಕಾರಿ:
ಮೊದಲು ಈಗ ಮಾಡಬೇಕಾದುದನ್ನು ಹೇಳುತ್ತೇನೆ. ತೋಟಾವನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿದ ಜಾಗದಲ್ಲಿ ಪ್ರತ್ಯೇಕವಾಗಿ ಇರಿಸಿ, ಸ್ಪರ್ಧೆಯ ರೇಂಜ್ ಅಧಿಕಾರಿಗೆ ಇಂದೇ ದೂರವಾಣಿಯಲ್ಲಿ ನಡೆದುದನ್ನು ನಡೆದಂತೆ ತಿಳಿಸಿ. ಅದನ್ನು ಯಾವಾಗ, ಯಾರ ಕೈಗೆ, ಹೇಗೆ ಒಪ್ಪಿಸಬೇಕೆಂದು ಅವರೇ ಹೇಳಲಿ. ಹೇಳದೆ ಕೇಳದೆ ಚೀಲದಲ್ಲಿ ಹಾಕಿಕೊಂಡು ಹೊರಡಬೇಡಿ, ಅಂಚೆಯಲ್ಲಿ ಕಳುಹಿಸಬೇಡಿ, ಕಸದ ಬುಟ್ಟಿಗಂತೂ ಹಾಕಲೇಬೇಡಿ. ನೀವಿರುವ ಕಡೆಯ ಪರವಾನಗಿ ನಿಯಮ ಬೇರೆ ಏನನ್ನಾದರೂ ಕೇಳಿದರೆ ಅದಕ್ಕೇ ಮೊದಲ ಮನ್ನಣೆ. ತಾನಾಗಿಯೇ ತಿಳಿಸಿದವರನ್ನು ಯಾವ ಅಧಿಕಾರಿಯೂ ಮುಚ್ಚಿಟ್ಟವರ ಸಾಲಿಗೆ ಸೇರಿಸುವುದಿಲ್ಲ ಎಂಬುದು ನನ್ನ ಅನುಭವ.

ಇನ್ನು ಲೆಕ್ಕದ ವಿಚಾರ. ನಿಮ್ಮ ಹಲಗೆ ಖಾಲಿಯಾದದ್ದೇ ನಿಮ್ಮನ್ನು ದಾರಿ ತಪ್ಪಿಸಿದೆ. ಎರಡೂ ಸೈಟರ್‌ಗಳನ್ನು ಅಂಕಕ್ಕೆ ಸೇರಿಸಿಕೊಳ್ಳದಿದ್ದರೆ ಹನ್ನೆರಡೂ ತೋಟಾ ಖರ್ಚಾಗುತ್ತವೆ. ಎರಡನೆಯದನ್ನು ಮಾತ್ರ ಅಂಕಕ್ಕೆ ಸೇರಿಸಿಕೊಂಡರೆ ಹನ್ನೊಂದು ಖರ್ಚಾಗಿ ಒಂದು ಉಳಿಯಬೇಕು. ಎರಡನ್ನೂ ಸೇರಿಸಿಕೊಂಡರೆ ಎರಡು ಉಳಿಯಬೇಕು. ನೀವು ಹನ್ನೊಂದು ಹೊಡೆದಿದ್ದೀರಿ, ಅಂದರೆ ಒಂದು ಎಲ್ಲಾದರೂ ಇರಲೇಬೇಕಿತ್ತು. ಆದೇಶ ಬಂದಾಗ ಹೊರತೆಗೆದ ತೋಟಾ ಅಭ್ಯಾಸಬಲದಿಂದ ಜೇಬಿಗೆ ಹೋಯಿತು, ಅದರ ಬದಲಿಗೆ, ಹಲಗೆಯ ಮೇಲೆ ಕೊನೆಗೆ ಉಳಿಯಬೇಕಾಗಿದ್ದ ತೋಟಾವನ್ನು ನೀವು ಹೊಡೆದಿರಿ. ಜೇಬಿನಲ್ಲಿದ್ದುದು ಯಾರ ಕಣ್ಣಿಗೂ ಬೀಳಲಿಲ್ಲ.

ಆದ್ದರಿಂದ ಎಣಿಸಬೇಕಾದುದು ಹಲಗೆಯನ್ನಲ್ಲ, ಖಾಲಿ ಕೇಸುಗಳನ್ನು, ಅಂದರೆ ಹೊಡೆದ ಮೇಲೆ ಉಳಿಯುವ ತೋಟಾದ ಲೋಹದ ಕೋಶಗಳನ್ನು. ಖಾಲಿ ಕೇಸು, ಸಜೀವ ತೋಟಾ ಮತ್ತು ಸಿಡಿಯದೆ ಉಳಿದ ತೋಟಾ, ಈ ಮೂರನ್ನು ಕೂಡಿಸಿದಾಗ ನಿಮಗೆ ಕೊಟ್ಟ ಸಂಖ್ಯೆ ಬರಬೇಕು. ಬರುವವರೆಗೆ ಫೈರಿಂಗ್ ಪಾಯಿಂಟಿನಿಂದ ಏಳಬಾರದು, ಕೇಸುಗಳನ್ನು ಸಾಮೂಹಿಕ ಬಕೆಟ್ಟಿಗೆ ಸುರಿಯಲೂ ಬಾರದು. ಸುರಿದ ಮೇಲೆ ನಿಮ್ಮ ಹನ್ನೊಂದು ಯಾವುದು, ಪಕ್ಕದವರ ಹನ್ನೆರಡು ಯಾವುದು ಎಂದು ಯಾರೂ ಹೇಳಲಾರರು.

ಚೇಂಬರಿನಿಂದ ಹೊರಬಂದ ತೋಟಾಕ್ಕೆ ಒಂದೇ ಒಂದು ಜಾಗವಿರಲಿ: ಅದು ಎದ್ದ ರಂಧ್ರಕ್ಕೇ ಅದು ಮರಳಲಿ. ಶೂಟಿಂಗ್ ಜಾಕೆಟ್ಟಿನ ಜೇಬನ್ನು ತೋಟಾಗಳಿಗೆಂದು ಬಳಸುವುದನ್ನೇ ನಾನು ಒಪ್ಪುವುದಿಲ್ಲ.

ಎರಡನೇ ಸೈಟರ್:
ಇದೇ ಸಂದರ್ಭದಲ್ಲಿ ನನ್ನ ತೊಂದರೆಯನ್ನೂ ಕೇಳುತ್ತೇನೆ. ನಮ್ಮ ಸ್ಪರ್ಧೆಯಲ್ಲಿ ಕೇಸಿಗೆ ಮದ್ದು ತುಂಬಿ, ಬುಲೆಟ್ಟು ಕೂರಿಸಿ ಸ್ವಂತವಾಗಿ ತಯಾರಿಸಿದ ತೋಟಾಗಳಿಗೆ ಅವಕಾಶವಿದೆ. ಕಳೆದ ವಾರ ಹೊಡೆಯದ ತೋಟಾವನ್ನು ಹೊರತೆಗೆದಾಗ ಕೇಸು ಮಾತ್ರ ಬಂದು, ಬುಲೆಟ್ಟು ನಳಿಗೆಯಲ್ಲೇ ಸಿಕ್ಕಿಕೊಂಡಿತು, ಮದ್ದಿನ ಕಾಳುಗಳು ಬೋಲ್ಟ್ ಸುತ್ತ ಚೆಲ್ಲಿದವು. ಹೀಗೇಕೆ ಆಗುತ್ತದೆ?

ಹಳೆಯ ರೇಂಜ್ ಅಧಿಕಾರಿ:
ನೀವು ಬುಲೆಟ್ಟನ್ನು ಕೇಸಿನಿಂದ ಹೆಚ್ಚು ಹೊರಚಾಚುವಂತೆ ಕೂರಿಸಿದ್ದೀರಿ. ಬೋಲ್ಟ್ ಮುಚ್ಚಿದಾಗ ಅದು ನಳಿಗೆಯೊಳಗಿನ ಸುರುಳಿ ಗೀರುಗಳ ಆರಂಭಕ್ಕೆ ಒತ್ತಿ ಕಚ್ಚಿಕೊಳ್ಳುತ್ತದೆ. ಕೇಸಿನ ಕುತ್ತಿಗೆಯ ಹಿಡಿತ ಅದಕ್ಕಿಂತ ಸಡಿಲವಾಗಿದ್ದರೆ, ಎಳೆದಾಗ ಕೇಸು ಬರುತ್ತದೆ, ಬುಲೆಟ್ಟು ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಇನ್ನೊಂದು ತೋಟಾ ಹೊಡೆದು ಅದನ್ನು ಹೊರದಬ್ಬುವ ಯೋಚನೆಯನ್ನೇ ಮಾಡಬಾರದು, ಏಕೆಂದರೆ ಅಡಚಣೆಯಿರುವ ನಳಿಗೆ ಒಡೆಯಬಹುದು. ಕೈ ಎತ್ತಿ ಅಧಿಕಾರಿಯನ್ನು ಕರೆಯಿರಿ. ಅವರ ಅನುಮತಿ ಪಡೆದು, ಚೇಂಬರು ಖಾಲಿಯಿದೆ ಎಂದು ಇಬ್ಬರೂ ನೋಡಿಕೊಂಡ ಮೇಲೆ, ನಳಿಗೆಯ ಬಾಯಿಯ ಕಡೆಯಿಂದ ಶುಚಿಗೊಳಿಸುವ ಕಡ್ಡಿಯನ್ನು ತೂರಿಸಿ ಹಗುರವಾಗಿ ತಟ್ಟಿದರೆ ಅದು ಹಿಂದಕ್ಕೆ ಜಾರುತ್ತದೆ. ಚೆಲ್ಲಿದ ಮದ್ದನ್ನು ಪೂರ್ತಿ ಒರೆಸದೆ ಮುಂದಿನ ತೋಟಾ ತುಂಬಬೇಡಿ. ಬೋಲ್ಟಿನ ಹಲ್ಲುಗಳ ನಡುವೆ ಸೇರಿದ ಒಂದೆರಡು ಕಾಳು ಕೂಡ ಬೋಲ್ಟ್ ಸರಿಯಾಗಿ ಮುಚ್ಚುವುದನ್ನು ತಡೆಯುತ್ತವೆ.

ಬುಲೆಟ್ಟಿಗೂ ಗೀರುಗಳಿಗೂ ನಡುವೆ ಅಂಗುಲದ ನೂರನೆಯ ಒಂದೋ ಎರಡೋ ಪಾಲಿನಷ್ಟು ಅಂತರ ಬಿಟ್ಟು ಕೂರಿಸಿ ನೋಡಿ. ಗುರಿಯ ನಿಖರತೆ ಒಂದಿಷ್ಟು ಕಡಿಮೆಯಾದೀತು ಎಂಬ ಅಂಜಿಕೆ ಅನೇಕರಿಗೆ ಇರುತ್ತದೆ, ಆದರೆ ತೋಟಾವನ್ನು ಸುರಕ್ಷಿತವಾಗಿ ಹೊರತೆಗೆಯಲಾಗದ ರೈಫಲ್ ಸ್ಪರ್ಧೆಗೆ ಯೋಗ್ಯವಲ್ಲ ಎಂದೇ ನಾನು ಭಾವಿಸುತ್ತೇನೆ. ಚೇಂಬರಿಗೆ ಹೋಗಿ ಮರಳಿ ಬಂದ ತೋಟಾವನ್ನು ಮತ್ತೆ ಬಳಸುವ ಮೊದಲು ಬುಲೆಟ್ಟು ಒಳಕ್ಕೆ ಸರಿದಿದೆಯೇ ಎಂದು ಅಳತೆ ಮಾಡಿ. ಒಳಸರಿದರೆ ಒತ್ತಡ ಏರಬಹುದು. ಬಿಸಿಯೇರಿದ ಚೇಂಬರಿನಲ್ಲಿ ಬಹಳ ಹೊತ್ತು ಕುಳಿತ ತೋಟಾ ಮೇಲಕ್ಕೆ ಹೊಡೆಯುವ ಸಾಧ್ಯತೆಯೂ ಇದೆ, ಏಕೆಂದರೆ ಬೆಚ್ಚಗಾದ ಮದ್ದು ಹೆಚ್ಚಿನ ವೇಗ ಕೊಡುತ್ತದೆ.

ದೂರಗುರಿ:
ಧನ್ಯವಾದಗಳು. ದೂರವಾಣಿ ಮಾಡಿ ತಿಳಿಸಿದ್ದೇನೆ, ಮುಂದಿನ ಭಾನುವಾರ ರೇಂಜಿನ ಕಚೇರಿಯಲ್ಲೇ ಒಪ್ಪಿಸಲು ಹೇಳಿದ್ದಾರೆ. ಇನ್ನೊಂದು ಸಂದೇಹವಿದೆ: ಟ್ರಿಗರ್ ಒತ್ತಿದರೂ ಸಿಡಿಯದ ತೋಟಾವನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು?

ಹಳೆಯ ರೇಂಜ್ ಅಧಿಕಾರಿ:
ಅದನ್ನು ಮೂರನೆಯದಾಗಿಯೇ ಇಡಬೇಕು, ಸಜೀವ ತೋಟಾಗಳ ಜೊತೆಗೂ ಅಲ್ಲ, ಖಾಲಿ ಕೇಸುಗಳ ಜೊತೆಗೂ ಅಲ್ಲ. ಸಿಡಿಯದಿದ್ದಾಗ ರೈಫಲನ್ನು ಗುರಿಯ ಕಡೆಗೇ ಹಿಡಿದು, ಬೋಲ್ಟ್ ಮುಟ್ಟದೆ ಕನಿಷ್ಠ 30 ಸೆಕೆಂಡು ಕಾಯಿರಿ. ನಿಮ್ಮ ರೇಂಜಿನ ನಿಯಮ ಇನ್ನೂ ಹೆಚ್ಚು ಹೇಳಿದರೆ ಅಷ್ಟು ಕಾಯಿರಿ. ಪ್ರೈಮರ್ (ಮದ್ದಿಗೆ ಕಿಡಿ ಕೊಡುವ, ತೋಟಾದ ತಳದಲ್ಲಿರುವ ಪುಟ್ಟ ಬಟ್ಟಲು) ತಡವಾಗಿ ಹೊತ್ತಿಕೊಳ್ಳುವುದು ಅಪರೂಪವಾದರೂ, ಆ ಹೊತ್ತಿನಲ್ಲಿ ಬೋಲ್ಟ್ ತೆರೆದಿದ್ದರೆ ಮುಖದ ಹತ್ತಿರವೇ ಕೇಸು ಸಿಡಿಯುತ್ತದೆ.

ಇಲ್ಲಿ ಅನೇಕರು ಎಡವುವ ಒಂದು ವಿಷಯವಿದೆ. ಪೆಟ್ಟಿಗೆಯಲ್ಲಿ ತೋಟಾಗಳನ್ನು ಬುಲೆಟ್ಟು ಕೆಳಗಾಗಿ, ಪ್ರೈಮರ್ ಮೇಲಾಗಿ ನಿಲ್ಲಿಸುವುದು ವಾಡಿಕೆ. ಸಿಡಿಯದ ತೋಟಾದ ಪ್ರೈಮರ್ ಮೇಲೂ ಅದಕ್ಕೆ ಬಡಿಯುವ ರೈಫಲಿನ ಸೂಜಿಯ ಗುಳಿ ಬಿದ್ದಿರುವುದರಿಂದ, ಮೇಲಿನಿಂದ ನೋಡಿದರೆ ಅದು ಖಾಲಿ ಕೇಸಿನಂತೆಯೇ ಕಾಣುತ್ತದೆ. ಆದ್ದರಿಂದ ಖಾಲಿ ಕೇಸುಗಳನ್ನು ಬಾಯಿ ಮೇಲಾಗಿ ಇಡಿ. ಆಗ ತೆರೆದ ಬಾಯಿ ಕಾಣದ ಪ್ರತಿಯೊಂದೂ ಸಜೀವವೆಂದೇ ಅರ್ಥ. ಸಿಡಿಯದ ತೋಟಾವನ್ನು ಅಧಿಕಾರಿಯ ಕೈಗೆ, ಬಾಯಲ್ಲಿ ಹೇಳಿ, ಒಪ್ಪಿಸಿ. ಎಣ್ಣೆಯಲ್ಲಿ ಅಥವಾ ನೀರಿನಲ್ಲಿ ನೆನೆಸಿದರೆ ಅದು ನಿಷ್ಕ್ರಿಯವಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಪ್ರೈಮರ್ ಚೆನ್ನಾಗಿ ಮುಚ್ಚಿರುವ ತೋಟಾದೊಳಕ್ಕೆ ಅವು ಇಳಿಯದೆಯೇ ಇರಬಹುದು.

ಎರಡನೇ ಸೈಟರ್:
ಅಂತರ ಬಿಟ್ಟು ಕೂರಿಸಿದ ಹತ್ತು ತೋಟಾಗಳನ್ನು ಇಂದು ರೇಂಜಿನಲ್ಲಿ ಅಧಿಕಾರಿಯ ಸಮ್ಮುಖದಲ್ಲೇ ತುಂಬಿ ತೆಗೆದು ನೋಡಿದೆ. ಹತ್ತೂ ಬುಲೆಟ್ಟು ಸಹಿತ ಹೊರಬಂದವು, ಅಳತೆಯೂ ಬದಲಾಗಿಲ್ಲ. ಗುರಿಯ ಮೇಲೆ ಹೊಡೆತಗಳ ಗುಂಪು ಎಷ್ಟು ಹರಡುತ್ತದೆ ಎಂಬುದನ್ನು ಮುಂದಿನ ಅಭ್ಯಾಸದ ನಂತರ ಇಲ್ಲಿಯೇ ಬರೆಯುತ್ತೇನೆ.