ಪದ ಬೇಕು: ‘ಕಮ್ಯೂಟಿಂಗ್ ಆಕ್ಸಿಡೆಂಟ್’ಗೆ ‘ಪ್ರಯಾಣ ಅಪಘಾತ’ ಆದೀತೇ?

ಸರ್ಕಾರಿ ಕಚೇರಿಯೊಂದರ ನೌಕರರಿಗೆ ಹಂಚುವ ಕೈಪಿಡಿ ಕನ್ನಡಕ್ಕೆ ಬರಬೇಕಿದೆ, ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ. ಮನೆಯಿಂದ ಕಚೇರಿಗೆ ಹೋಗುವಾಗಲೋ ಮರಳುವಾಗಲೋ ಆಗುವ ಅಪಘಾತಕ್ಕೆ ‘ಪ್ರಯಾಣ ಅಪಘಾತ’ ಎಂದು ಹಾಕಿದ್ದೇನೆ. ‘ಅರೈಸಿಂಗ್ ಔಟ್ ಆಫ್ ಅಂಡ್ ಇನ್ ದ ಕೋರ್ಸ್ ಆಫ್ ಎಂಪ್ಲಾಯ್‌ಮೆಂಟ್’ಗೆ ‘ಕರ್ತವ್ಯದ ವೇಳೆ ಸಂಭವಿಸಿದ’ ಸಾಕಲ್ಲವೇ? ‘ನೋಷನಲ್ ಎಕ್ಸ್‌ಟೆನ್ಷನ್’ಗೆ, ಅಂದರೆ ಕೆಲಸದ ಜಾಗ, ವೇಳೆಗಳ ಆಚೆಯದನ್ನೂ ಕೆಲಸದೊಳಗೇ ಎಣಿಸುವುದಕ್ಕೆ, ‘ಕಾಲ್ಪನಿಕ ವಿಸ್ತರಣೆ’ ಎಂದು ಬರೆದಿದ್ದೇನೆ. ಬೇಗ ತಿಳಿಸಿದರೆ ಉಪಕಾರ.

ಮರು:
ಸಾಲದು. ಕಚೇರಿ ಕನ್ನಡದಲ್ಲಿ ಪ್ರಯಾಣ ಎಂದರೆ ಭತ್ಯೆ ಸಿಗುವ ಪ್ರಯಾಣ. ಚಲನವಲನ ವಹಿಯಲ್ಲಿ ಬರೆದು ತಾಲ್ಲೂಕು ಕಚೇರಿಗೆ ಹೊರಟವರು ಕರ್ತವ್ಯದ ಮೇಲೇ ಇರುತ್ತಾರೆ. ತಕರಾರು ಬರುವುದು ಬೆಳಿಗ್ಗೆ ಮನೆಯಿಂದ ಹೊರಟವರ ವಿಷಯದಲ್ಲಿ. ಇಬ್ಬರಿಗೂ ಒಂದೇ ಪದ ಹಚ್ಚಬೇಡಿ.

ಆ ಉದ್ದನೆಯ ನುಡಿಗಟ್ಟಿನಲ್ಲಿ ಎರಡು ಷರತ್ತುಗಳಿವೆ: ಉದ್ಯೋಗದ ಕಾರಣದಿಂದ ಮತ್ತು ಉದ್ಯೋಗದ ಅವಧಿಯಲ್ಲಿ. ‘ಕರ್ತವ್ಯದ ವೇಳೆ’ ಎಂದರೆ ಮೊದಲನೆಯದು ಬಿಟ್ಟೇಹೋಯಿತು, ಎರಡನೆಯದು ಗಡಿಯಾರಕ್ಕೆ ಕಟ್ಟುಬಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಇಎಸ್‌ಐ (ನೌಕರರ ರಾಜ್ಯ ವಿಮೆ) ಪ್ರಕರಣ ನೋಡಿ. ಪಾಳಿ 4.30ಕ್ಕಿತ್ತು. 4.15ಕ್ಕೆ, ಕಾರ್ಖಾನೆ ಇನ್ನೂ ಒಂದು ಕಿ.ಮೀ. ಇರುವಾಗ, ಅದೇ ಕಾರ್ಖಾನೆಯ ಲಾರಿ ಸೈಕಲ್ಲಿಗೆ ಗುದ್ದಿತು. ಅದು ಉದ್ಯೋಗದ ಗಾಯವಲ್ಲ ಎಂದಿತು ನ್ಯಾಯಾಲಯ. 2010ರಲ್ಲಿ ಇಎಸ್‌ಐ ಕಾಯ್ದೆಗೆ 51-ಇ ಕಲಂ ಸೇರಿದ ಮೇಲೆ ದಾರಿಯ ಅಪಘಾತವೂ ಲೆಕ್ಕಕ್ಕೆ ಬಂತು, ಆದರೆ ಸಂದರ್ಭ, ಸಮಯ, ಸ್ಥಳಗಳಿಗೂ ಕೆಲಸಕ್ಕೂ ನಂಟು ತೋರಿಸಬೇಕು. 1923ರ ನೌಕರರ ಪರಿಹಾರ ಕಾಯ್ದೆಯ ಮಾತನ್ನೂ ಹಾಗೆಯೇ ಓದಬೇಕೆಂದು 2025ರ ಜುಲೈನಲ್ಲಿ ಅದೇ ನ್ಯಾಯಾಲಯ ಹೇಳಿತು. ಅಲ್ಲಿ ಸತ್ತವರು ಬೆಳಗಿನ ಜಾವ 3ರ ಪಾಳಿಗೆ ಹೊರಟಿದ್ದ ಸಕ್ಕರೆ ಕಾರ್ಖಾನೆಯ ಕಾವಲುಗಾರರು.

ಮರು:
‘ಅಪಘಾತ’ವೇ ಏಕೆ? ‘ದಾರಿ ಅವಘಡ’ ಎನ್ನಿ, ಅಚ್ಚಗನ್ನಡ. ಸಂಸ್ಕೃತದಲ್ಲಿ ಅಪಘಾತಕ್ಕೆ ಹೊಡೆದಟ್ಟುವುದು ಎಂಬ ಅರ್ಥವಿದೆ.

ಮರು:
> ಅಚ್ಚಗನ್ನಡ
‘ಅವ’ ಯಾವ ಊರಿನ ಅಚ್ಚಗನ್ನಡ ಸ್ವಾಮಿ? ಮರಾಠಿಯವರನ್ನು ಕೇಳಿ, ಅವಘಡ ಎಂದರೆ ಕಷ್ಟದ್ದು ಎನ್ನುತ್ತಾರೆ. ‘ಗಾಯ’ ಕೂಡ ‘ಘಾತ’ದ ತದ್ಭವವೇ, ಅದನ್ನೂ ಬಿಡುತ್ತೀರಾ? ‘ಸರ್ಕಾರಿ’, ‘ನೌಕರ’ ಎರಡೂ ಪಾರಸಿಯಿಂದ ಬಂದವು. ನಿಮ್ಮ ಮಡಿಯಲ್ಲಿ ಕೈಪಿಡಿಯ ರಕ್ಷಾಪುಟವೇ ಖಾಲಿ.

ಮರು:
ಪಾರಸಿ ಪದ ಜನರ ಬಾಯಲ್ಲಿ ಪಳಗಿದೆ, ಅದರ ತಂಟೆ ನನಗಿಲ್ಲ. ‘ಕಾಲ್ಪನಿಕ ವಿಸ್ತರಣೆ’ಯಂಥ ಹೊಸ ಸಂಸ್ಕೃತ ಪಳಗಿಲ್ಲ. ಅದನ್ನು ಓದಿದ ಗುಮಾಸ್ತರು ಅಪಘಾತವೇ ಕಟ್ಟುಕತೆ ಎಂದುಕೊಂಡು ಕಡತ ವಾಪಸು ಕಳಿಸುತ್ತಾರೆ. ‘ಕೆಲಸದ ಎಲ್ಲೆ ಹಿಗ್ಗಿಸುವುದು’ ಎನ್ನಿ.

ಮರು:
‘ಎಲ್ಲೆ ಹಿಗ್ಗಿಸುವುದು’ ಒಪ್ಪಿತ. 1963ರ ಮುಂಬಯಿ ಬೆಸ್ಟ್ (ನಗರ ಬಸ್ ಸಂಸ್ಥೆ) ಪ್ರಕರಣಕ್ಕೂ ಹೊಂದುತ್ತದೆ: ಪಾಳಿ ಮುಗಿಸಿದ ಚಾಲಕ ಬೆಸ್ಟ್ ಬಸ್ಸಿನಲ್ಲೇ ಮನೆಗೆ ಹೋಗುವಾಗ ಅಪಘಾತವಾಗಿ ಮುಂದೆ ಸತ್ತದ್ದು ಕೆಲಸದ ಎಲ್ಲೆಯೊಳಗೇ ಎಂದಾಯಿತು. ಉಳಿದ ಜಗಳ ಬೇರೆ ಎಳೆಯಲ್ಲಿ ಆಡಿಕೊಳ್ಳಿ.

ಪದಕ್ಕಿಂತ ಮೊದಲು, ಕೈಪಿಡಿ ಯಾರಿಗೆ ಎಂದು ಹೇಳಿ. ಒಂದೇ ಕಚೇರಿಯಲ್ಲಿ ಕೂತಿದ್ದರೂ ಇಎಸ್‌ಐ ಕಟ್ಟುವ ಹೊರಗುತ್ತಿಗೆಯವರಿಗೆ 51-ಇ ಅನ್ವಯವಾಗುತ್ತಿತ್ತು (2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ), ಕಾಯಂ ನೌಕರರಿಗೆ ಇಲ್ಲ. ಕಾಯಂ ನೌಕರರ ಕಡತ ಅಸಾಧಾರಣ ನಿವೃತ್ತಿ ವೇತನದ ನಿಯಮಗಳಡಿ ಹೋಗುತ್ತದೆ, ಅಲ್ಲಿ ಸೇವೆಯೇ ಕಾರಣವೆಂದು ತೋರಿಸಬೇಕು. ‘ಉದ್ಯೋಗದ ಗಾಯ’ ಎಂದು ಎಲ್ಲರಿಗೂ ಸೇರಿಸಿ ಬರೆದರೆ ಕಾಯಂ ನೌಕರರಿಗೆ ಇಲ್ಲದ ಹಕ್ಕು ಕೊಟ್ಟಂತಾಗುತ್ತದೆ.

ದಾಖಲೆಗಳ ಪಟ್ಟಿಯಲ್ಲಿ ಪಾಳಿ ಆದೇಶ, ಹಾಜರಾತಿ, ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್ (ವೈದ್ಯರು ಕೊಡುವ ಗಾಯದ ಪ್ರಮಾಣಪತ್ರ) ಇರಲಿ. ಎಫ್‌ಐಆರ್‌ನಲ್ಲಿ ‘ಕೆಲಸದ ನಿಮಿತ್ತ’ ಎಂದಷ್ಟೇ ಬರೆಸಿದರೆ ಎಲ್ಲಿಂದ ಎಲ್ಲಿಗೆ ಎಂಬುದೇ ಗೊತ್ತಾಗದು, ನಂಟು ಕಡಿಯುವುದು ಅಲ್ಲೇ. ಇನ್ನೊಂದು ಮಾತು: ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಪ್ರಕಾರ ನೌಕರರ ಪರಿಹಾರ (2025ರ ನವೆಂಬರ್ ತನಕ 1923ರ ಕಾಯ್ದೆಯದು) ಅಥವಾ ವಾಹನ ಅಪಘಾತದ ಪರಿಹಾರ, ಎರಡರಲ್ಲಿ ಒಂದನ್ನೇ ಕೇಳಬಹುದು. ಅಲ್ಲಿ ‘ಮತ್ತು’ ಎಂದು ಅನುವಾದಿಸಿಬಿಟ್ಟೀರಿ.

ಮರು:
ಇಬ್ಬರಿಗೂ ಸೇರಿದ ಕೈಪಿಡಿ, ಎರಡು ಭಾಗ ಮಾಡುತ್ತೇನೆ. ಶೀರ್ಷಿಕೆ: ‘ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತ’.

ಮರು:
ಅವಘಡ.