ಐಸಿಯುನಲ್ಲಿ 'ಶಾಕ್' ಅಂದ್ರೆ ಏನು? ಅಪ್ಪಂಗೆ ಡ್ರಿಪ್ ಮೇಲೆ ಡ್ರಿಪ್, ಪಕ್ಕದ ಬೆಡ್‌ಗೆ ಯಾಕಿಲ್ಲ?

ಮಂಡ್ಯದ_ಮಗ:
ಎಲ್ರಿಗೂ ನಮಸ್ಕಾರ. ಅಪ್ಪಂಗೆ 64 ವರ್ಷ, ಶುಗರ್ ಇದೆ. ಹೋದ ವಾರ ಉರಿಮೂತ್ರ, ಚಳಿಜ್ವರ ಶುರುವಾಗಿ ಮೂರನೇ ದಿನ ಏನೇನೋ ಬಡಬಡಿಸೋಕೆ ಹತ್ತಿದ್ರು, ಎತ್ಕೊಂಡು ಹೋಗಿ ಅಡ್ಮಿಟ್ ಮಾಡಿದ್ವಿ. ಡಾಕ್ಟ್ರು "ಪೇಷಂಟ್ ಶಾಕಲ್ಲಿದಾರೆ" ಅಂದ್ರು. ನಮ್ಮಮ್ಮ "ಅವ್ರಿಗೆ ಯಾರೂ ಏನೂ ಕೆಟ್ಟ ಸುದ್ದಿ ಹೇಳಿಲ್ವಲ್ಲಪ್ಪ" ಅಂತ. ನಂಗೂ ಅಷ್ಟೇ ಗೊತ್ತಿದ್ದಿದ್ದು ಅನ್ನಿ. ಬಿಪಿ 80/50. ಒಂದೇ ಸಮ ಡ್ರಿಪ್ ಬಿಟ್ರು, ಆಮೇಲೆ ಕುತ್ತಿಗೆಗೆ ಪೈಪ್ ಹಾಕಿ ನಾರ್‌ಅಡ್ರಿನಲಿನ್ ಅಂತೆ. ಪಕ್ಕದ ಬೆಡ್‌ನಲ್ಲಿ ಹಾರ್ಟ್ ಅಟ್ಯಾಕ್ ಆದೋರು, ಅವ್ರದ್ದೂ ಶಾಕೇ ಅಂತೆ, ಆದ್ರೆ ಡ್ರಿಪ್ ಇಲ್ಲ, ಕುಡಿಯೋ ನೀರಿಗೂ ಲೆಕ್ಕ. ಹೆಸರು ಒಂದೇ, ಟ್ರೀಟ್‌ಮೆಂಟ್ ಉಲ್ಟಾ, ಹೆಂಗೆ? ಅಪ್ಪ ಈಗ ವಾರ್ಡಿಗೆ ಬಂದಿದಾರೆ, ಗಾಬರಿ ಇಲ್ಲ, ತಿಳ್ಕೊಳ್ಳೋಣ ಅಂತ.

ರಾತ್ರಿಪಾಳಿ:
ಐಸಿಯು ನರ್ಸ್ ನಾನು. ಮಂಡ್ಯದೋರು ಅಂತೀರ, ಗದ್ದೆ ಲೆಕ್ಕದಲ್ಲೇ ಹೇಳ್ತೀನಿ. ಶಾಕ್ ಅಂದ್ರೆ ಕೊನೆಭಾಗದ ಗದ್ದೆಗೆ ನೀರು ತಲುಪ್ತಿಲ್ಲ ಅಂತ, ಅಷ್ಟೇ. ಗದ್ದೆ ಅಂದ್ರೆ ಮಿದುಳು, ಕಿಡ್ನಿ ಇವೆಲ್ಲ. ಯಾಕೆ ತಲುಪ್ತಿಲ್ಲ? ಬಾವಿಲೇ ನೀರಿಲ್ದೆ ಇರ್ಬೋದು (ಆಕ್ಸಿಡೆಂಟ್, ಹೆರಿಗೆ ರಕ್ತಸ್ರಾವ, ವಾಂತಿಭೇದಿ), ಮೋಟ್ರು ಕೆಟ್ಟಿರ್ಬೋದು, ಪೈಪಿಗೆ ಏನೋ ಅಡ್ಡ ಸಿಕ್ಕಿರ್ಬೋದು, ಇಲ್ಲಾ ಕಾಲುವೆನೇ ಸಡಿಲ ಆಗಿ ಅಗಲ ಆಗೋಗಿರ್ಬೋದು. ನಿಮ್ಮಪ್ಪಂದು ಈ ಕೊನೇದು, ಸೆಪ್ಟಿಕ್ ಶಾಕ್. ಸೋಂಕಿಂದ ರಕ್ತನಾಳ ಎಲ್ಲ ಹಿಗ್ಗಿ ಸೋರೋಕೆ ಶುರು. ಅದಕ್ಕೇ ಮೊದಲ ಮೂರು ಗಂಟೇಲಿ ಕೆಜಿಗೆ 30 ಎಂಎಲ್ ಲೆಕ್ಕದಲ್ಲಿ, ಅಂದ್ರೆ 60 ಕೆಜಿ ಆಳಿಗೆ ಸುಮಾರು 1.8 ಲೀಟರ್ ಬಿಡ್ತೀವಿ, ನಾರ್‌ಅಡ್ರಿನಲಿನ್ ನಾಳಗಳನ್ನ ಬಿಗಿ ಮಾಡುತ್ತೆ. ಆದ್ರೆ ಇದೆಲ್ಲ ಟೈಮ್ ಕೊಡೋದಷ್ಟೇ, ಕಾಯಿಲೆಗೆ ಔಷಧಿ ಆಂಟಿಬಯಾಟಿಕ್, ಒಂದು ಗಂಟೆ ಒಳಗೆ ಹೋಗ್ಬೇಕು. ಪಕ್ಕದ ಬೆಡ್ಡೋರದ್ದು ಮೋಟ್ರೇ ಸುಸ್ತು, ನೀರು ಸುರಿದ್ರೆ ಎಳೆಯೋಕಾಗ್ದೆ ಶ್ವಾಸಕೋಶಕ್ಕೆ ನುಗ್ಗುತ್ತೆ. ಅವ್ರಿಗೆ ಬ್ಲಾಕ್ ತೆಗೀಬೇಕು.

ಓದು_ಮುಗಿಯದವ:
ಪಿಜಿ ಮಾಡ್ತಿದೀನಿ, ಸಣ್ಣ ತಿದ್ದುಪಡಿ ಸಿಸ್ಟರ್. ಹಾರ್ಟಿನ ಬಲಭಾಗಕ್ಕೆ ಅಟ್ಯಾಕ್ ಆದ್ರೆ ಸ್ವಲ್ಪ ಡ್ರಿಪ್ ಬೇಕಾಗ್ಬೋದು, ನೋಡ್ಕೊಂಡು. ಇನ್ನೊಂದು, ಬಿಪಿ ಕಮ್ಮಿ ಆದ್ರೇನೇ ಶಾಕ್ ಅಂತಲ್ಲ, ದೇಹ ನಾಳ ಬಿಗಿ ಹಿಡಿದು ನಾಡಿ ಓಡಿಸಿ ಸುಮಾರು ಹೊತ್ತು ಬಿಪಿ ಕಾಪಾಡುತ್ತೆ, ಬಿಪಿ ಬಿದ್ದಾಗ ತಡ ಆಗಿರುತ್ತೆ. ಅವ್ರು ಬಡಬಡಿಸಿದ್ದೇ ಗುರುತು. ಮೂತ್ರ ಕಮ್ಮಿ ಆಗೋದು, ಉಗುರು ಒತ್ತಿ ಬಿಟ್ರೆ ಕೆಂಪು ವಾಪಸ್ ಬರೋಕೆ ತಡ, ರಕ್ತದಲ್ಲಿ ಲ್ಯಾಕ್ಟೇಟ್ (ಅಂಗಗಳಿಗೆ ಆಕ್ಸಿಜನ್ ಸಾಲದಾಗ ಏರೋ ಅಂಶ) 2ರ ಮೇಲೆ, ಇವೆಲ್ಲ ನೋಡ್ತೀವಿ. 80/50ನ ಸರಾಸರಿ ಹಾಕಿ ನೋಡಿ, ಕೆಳಗಿಂದು ಎರಡು ಸಲ ಮೇಲಿಂದು ಒಂದ್ಸಲ ಕೂಡಿಸಿ ಮೂರರಿಂದ ಭಾಗಿಸಿದ್ರೆ 60. ಅದನ್ನ 65ರ ಮೇಲೆ ಇಡೋದೇ ನಾರ್‌ಅಡ್ರಿನಲಿನ್ ಕೆಲ್ಸ. ಅಡ್ಡ ಸಿಕ್ಕಿರೋ ಜಾತಿಲಿ, ಹಾರ್ಟ್ ಸುತ್ತ ರಕ್ತ ತುಂಬಿದ್ರೆ ಸೂಜಿ ಹಾಕಿ ಎಳೀಬೇಕು, ಬರೀ ಡ್ರಿಪ್ಪಿಂದ ಏನೂ ಆಗಲ್ಲ. ಅಲರ್ಜಿ ಶಾಕಿಗೆ ತೊಡೆಗೆ ಅಡ್ರಿನಲಿನ್, ದೊಡ್ಡೋರಿಗೆ 0.5 ಎಂಜಿ.

ಹುಬ್ಬಳ್ಳಿ_ಮಂದಿ:
ನಮ್ಮ ಅಕ್ಕನ ಮಗಗ ಡೆಂಗ್ಯೂ ಆಗಿತ್ರಿ. ಮನಿಮಂದಿ ಎಲ್ಲಾ ಪ್ಲೇಟ್‌ಲೆಟ್ ಪ್ಲೇಟ್‌ಲೆಟ್ ಅಂತ ಬಡ್ಕೋತಿದ್ವಿ, ಪಪ್ಪಾಯಿ ಎಲಿ ರಸಾ ಕುಡಿಸಿದ್ದ ಕುಡಿಸಿದ್ದು. ಐದನೇ ದಿನಾ ಜ್ವರಾ ಇಳೀತು, ಆರಾಮ ಆತು ಅಂದ್ಕೊಂಡ್ವಿ, ಅವತ್ತ ಸಂಜಿಗೆ ಹೊಟ್ಟಿನೋವು, ವಾಂತಿ, ಕೈಕಾಲು ಥಣ್ಣಗ. ಬಿಪಿ 96/80. ಭಾಳೇನ ಕಮ್ಮಿ ಇಲ್ಲಲ್ರಿ ಅಂದೆ ನಾ. ಡಾಕ್ಟರ್ ಅಂದ್ರು ಮ್ಯಾಲಿಂದಕ್ಕ ಕೆಳಗಿಂದಕ್ಕ ನಡುವ 20 ಸುದ್ದಾ ಇಲ್ಲ, ಶಾಕ್ ಇದು ಅಂತ. ಪ್ಲೇಟ್‌ಲೆಟ್‌ಕ್ಕಿಂತ ಪಿಸಿವಿ (ರಕ್ತದಾಗ ಕೆಂಪು ಕಣದ ಪಾಲು) ಎಷ್ಟ ಏರೇದ ಅಂತನ ನೋಡ್ತಿದ್ರು. ಇದ್ಯಾವ ಜಾತಿ ರೀ?

ರಾತ್ರಿಪಾಳಿ:
ಬಾವಿ ಬರಿದಾಗೋ ಜಾತಿ, ಆದ್ರೆ ನೀರು ಹೊರಗೆ ಹೋಗಲ್ಲ. ರಕ್ತದ ನೀರಂಶ ನಾಳದಿಂದ ಸೋರಿ ಹೊಟ್ಟೆಗೆ, ಎದೆಗೆ ಸೇರುತ್ತೆ, ಉಳಿದ ರಕ್ತ ಗಟ್ಟಿ ಆಗಿ ಪಿಸಿವಿ ಏರುತ್ತೆ. ಪ್ಲೇಟ್‌ಲೆಟ್ ಏರಿಸಿದ್ರೆ ಸೋರೋದು ನಿಲ್ಲಲ್ಲ. ಡ್ರಿಪ್ಪೇ ಬೇಕು, ಅಳತೆ ಮಾಡಿ. 24ರಿಂದ 48 ಗಂಟೆ ಸೋರಿ, ಆಮೇಲೆ ಆ ನೀರು ವಾಪಸ್ ನಾಳಕ್ಕೆ ಬರುತ್ತೆ, ಆಗ್ಲೂ ಡ್ರಿಪ್ ನಿಲ್ಲಿಸ್ದೆ ಇದ್ರೆ ಉಸಿರಾಟಕ್ಕೆ ತೊಂದ್ರೆ. ಜ್ವರ ಬಿಟ್ಟ ದಿನವೇ ನಮಗೆ ಜಾಸ್ತಿ ಭಯ.

ಮಂಡ್ಯದ_ಮಗ:
ಅಮ್ಮಂಗೆ ಕೊನೆಭಾಗದ ಗದ್ದೆ ಅಂದೆ, ಆಯಮ್ಮ ನಂಗೇ ತಿರುಗಿ ಪಾಠ ಮಾಡ್ತು. ಒಂದೇ ಡೌಟು, ಕುತ್ತಿಗೆ ಪೈಪ್ ಯಾಕೆ, ಕೈಗೆ ಆಗ್ತಿರ್ಲಿಲ್ವಾ?

ರಾತ್ರಿಪಾಳಿ:
ಅರ್ಜೆಂಟಲ್ಲಿ ಕೈಗೇ ಶುರು ಮಾಡ್ತೀವಿ. ಜಾಸ್ತಿ ಹೊತ್ತು ಬೇಕಂದ್ರೆ ಕುತ್ತಿಗೆ, ಯಾಕಂದ್ರೆ ಸಣ್ಣ ರಕ್ತನಾಳದಿಂದ ಆ ಔಷಧಿ ಆಚೆ ಸೋರಿದ್ರೆ ಅಲ್ಲಿ ಚರ್ಮ ಕಪ್ಪಾಗಿ ಸತ್ತೋಗುತ್ತೆ.